ದೇಸಾಯಿ ಮನೆತನಗಳ ಮೂಲ: ದಾಖಲೆ ಹೇಳುವುದೇನು, ನಾವು ಹೇಳುತ್ತಿರುವುದೇನು?



ಕಳೆದ ಶ್ರಾವಣ ಮಾಸದಲ್ಲಿ ದೇಸಾಯಿ ಎಂಬ ಅಡ್ಡಹೆಸರುಳ್ಳ ಕೆಲವು ಹಿರಿಯರು ಶ್ರೀಮಠಕ್ಕೆ ಬಂದಿದ್ದರು. ಎಲ್ಲರೂ ವಿದ್ಯಾವಂತರು, ಮಠದ ಮೇಲೆ ಭಕ್ತಿಯುಳ್ಳವರು. ಅವರಲ್ಲಿ ಇಬ್ಬರು ನಮ್ಮ ಪ್ರಸಾದನಿಲಯದಲ್ಲಿಯೇ ಉಂಡು ಓದಿದವರು. ನಾಡಿನಲ್ಲಿ ದೇಸಾಯಿ ಎಂದು ಕರೆಯಿಸಿಕೊಳ್ಳುವ ಲಿಂಗವಂತ ಕುಟುಂಬಗಳನ್ನೆಲ್ಲ ಒಬ್ಬ ಮೂಲಪುರುಷನಿಗೆ ಜೋಡಿಸಿ, ವಂಶಾವಳಿಯ ಗ್ರಂಥವೊಂದನ್ನು ಅಚ್ಚು ಹಾಕಿಸುವುದು ಅವರ ಸಂಕಲ್ಪ. ಕರಡನ್ನು ನಮ್ಮ ಮುಂದಿರಿಸಿ ಆಶೀರ್ವಚನವನ್ನು ಬೇಡಿದರು. ಇನ್ನು ಮುಂದೆ ಸಂಬಂಧ ಬೆಳೆಸುವಾಗ ಈ ಗ್ರಂಥವೇ ಪ್ರಮಾಣವಾಗಬೇಕೆಂದು ಅದರ ಅರಿಕೆಯಲ್ಲಿ ಬರೆದಿದ್ದರು.

ನಾವು ಕರಡನ್ನು ಮೂರು ದಿನ ಓದಿದೆವು. ಮೂಲಪುರುಷನನ್ನು ಕಲ್ಯಾಣದ ಚಾಲುಕ್ಯರ ಕಾಲದಲ್ಲಿಟ್ಟು, ಅಲ್ಲಿಂದ ಇಂದಿನವರೆಗೆ ಒಂದು ಕೊಂಡಿಯೂ ಕಳಚದಂತೆ ತಂದೆಯಿಂದ ಮಗನಿಗೆ ಗೆರೆ ಎಳೆಯಲಾಗಿತ್ತು. ಒಂದು ಕವಲನ್ನು ಮಾತ್ರ ಕೆಂಪು ಮಸಿಯಿಂದ ಹೊಡೆದುಹಾಕಿ, ಪಕ್ಕದಲ್ಲಿ ‘ದತ್ತಕ, ರಕ್ತಸಂಬಂಧವಿಲ್ಲ, ಕೈಬಿಡತಕ್ಕದ್ದು’ ಎಂದು ಬರೆಯಲಾಗಿತ್ತು. ಕೆಲವು ದಿನಗಳ ತರುವಾಯ ಆ ಕವಲಿನ ಹಿರಿಯರೊಬ್ಬರು ಒಬ್ಬರೇ ಬಂದರು. ಬಹಳ ಹೊತ್ತು ಮಾತನಾಡಲಿಲ್ಲ. ಏಳುವಾಗ ಇಷ್ಟೇ ಕೇಳಿದರು: “ಅಜ್ಜಾರ, ನಮ್ಮ ಮುತ್ಯಾ ಆ ಮನೀ ದೀಪಾ ಹಚ್ಚಿದಾಂವ. ಇವತ್ತ ನಾವು ಯಾವ ಮನಿಯವರು?”

ನಾವು ಆಶೀರ್ವಚನವನ್ನು ಬರೆದುಕೊಡಲಿಲ್ಲ. ಏಕೆ ಕೊಡಲಿಲ್ಲವೆಂದು ಕೆಲವರು ನೊಂದುಕೊಂಡಿದ್ದಾರೆ, ಕೆಲವರು ಮುನಿದಿದ್ದಾರೆ. ಈ ಪ್ರಶ್ನೆ ಆ ಒಂದು ಮನೆತನದ್ದಲ್ಲ. ಪಾಟೀಲ, ನಾಡಗೌಡ, ಹಿರೇಮಠ ಎಂದು ಹೆಸರಿನ ಕೊನೆಗೆ ಒಂದು ಮಾತನ್ನು ಹೊತ್ತಿರುವ ನಿಮ್ಮೆಲ್ಲರದೂ ಆಗಿದೆ. ಆದುದರಿಂದ ನಮ್ಮ ಕಾರಣಗಳನ್ನು ಈ ಪತ್ರಿಕೆಯಲ್ಲಿಯೇ ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. ದೇಸಾಯಿ ಎಂಬುದು ಒಬ್ಬ ವ್ಯಕ್ತಿಯ ಹೆಸರಲ್ಲ, ಕುಲದ ಹೆಸರೂ ಅಲ್ಲ. ಅದೊಂದು ಅಧಿಕಾರದ ಹೆಸರು. ಇಲ್ಲಿ ‘ದೇಶ’ ಎಂದರೆ ಇಂದು ನಾವು ತಿಳಿಯುವ ದೇಶವಲ್ಲ, ಹಲವು ಹಳ್ಳಿಗಳು ಕೂಡಿದ ಪರಗಣೆ. ಹಳ್ಳಿಗೆ ಗೌಡ ಅಥವಾ ಪಾಟೀಲ, ಅವನ ಲೆಕ್ಕಕ್ಕೆ ಕುಲಕರ್ಣಿ. ಪರಗಣೆಗೆ ದೇಸಾಯಿ, ಅವನ ಲೆಕ್ಕಕ್ಕೆ ದೇಶಪಾಂಡೆ. ಕಂದಾಯವನ್ನು ಕೂಡಿಸುವುದು, ಪಾಳುಬಿದ್ದ ನೆಲವನ್ನು ಸಾಗುವಳಿಗೆ ತರುವುದು, ಹಳ್ಳಿಗಳ ವ್ಯಾಜ್ಯವನ್ನು ಬಗೆಹರಿಸುವುದು, ಸರಕಾರ ಕರೆದಾಗ ಜನವನ್ನು ಕೂಡಿಸಿಕೊಂಡು ಹೋಗುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ವತನದ ಭೂಮಿ ಮತ್ತು ಹಕ್ಕುಗಳು. ಬಹಮನಿ, ಆದಿಲಶಾಹಿ ಕಾಲದ ಆಡಳಿತದಲ್ಲಿ ಬೇರೂರಿದ ಈ ಹುದ್ದೆಯನ್ನು ಮರಾಠರೂ ಮುಂದುವರಿಸಿದರು.

ಹೀಗಿರುವಾಗ, ಪರಗಣೆಗಳು ಎಷ್ಟೋ ದೇಸಾಯಿಗಳೂ ಅಷ್ಟು. ಒಂದು ಪರಗಣೆಯಲ್ಲಿ ಲಿಂಗವಂತ ದೇಸಾಯಿ, ಮತ್ತೊಂದರಲ್ಲಿ ಬ್ರಾಹ್ಮಣ ದೇಸಾಯಿ, ಇನ್ನೊಂದರಲ್ಲಿ ಜೈನ ಅಥವಾ ಮರಾಠ ದೇಸಾಯಿ. 1977ರಲ್ಲಿ ಭಾರತದ ಪ್ರಧಾನಮಂತ್ರಿಗಳಾದ ಮೊರಾರ್ಜಿ ದೇಸಾಯಿಯವರು ಗುಜರಾತಿನ ಅನಾವಿಲ ಬ್ರಾಹ್ಮಣರು. ಪಾಟೀಲರನ್ನೇ ನೋಡಿರಿ: ಲಿಂಗವಂತರಲ್ಲಿ, ರೆಡ್ಡಿಗಳಲ್ಲಿ, ಜೈನರಲ್ಲಿ, ಮರಾಠರಲ್ಲಿ, ಮುಸಲ್ಮಾನರಲ್ಲಿ ಪಾಟೀಲರಿದ್ದಾರೆ. ಇವರೆಲ್ಲರಿಗೂ ಒಬ್ಬನೇ ಮೂಲಪುರುಷನೆಂದು ಹೇಳಲು ಯಾರೂ ಧೈರ್ಯಮಾಡರು. ಹಾಗಾದರೆ ಲಿಂಗವಂತರಲ್ಲಿರುವ ದೇಸಾಯಿಗಳಿಗೆ ಮಾತ್ರ ಒಬ್ಬನೇ ಮೂಲಪುರುಷನೆಂದು ಹೇಳಲು ಇರುವ ಆಧಾರವೇನು? ಹೆಸರೊಂದೇ ಆಧಾರವಾದರೆ ಅದು ಎಲ್ಲರಿಗೂ ಸಲ್ಲಬೇಕು. ಎಲ್ಲರಿಗೂ ಸಲ್ಲದಿದ್ದರೆ ಹೆಸರು ಆಧಾರವಲ್ಲ.

‘ನಮ್ಮ ಮನೆದೇವರು ಒಂದೇ’ ಎಂದು ಆ ಹಿರಿಯರು ಹೇಳಿದರು. ಗೊಡಚಿಯ ವೀರಭದ್ರನಿಗೆ, ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆಗಳನ್ನು ಎಣಿಸಿದವರು ಯಾರು? ಹಲವು ಜಾತಿಗಳ ಸಾವಿರಾರು ಒಕ್ಕಲುಗಳು ಒಂದೇ ದೇವರಿಗೆ ಕಾಯಿ ಒಡೆಯಿಸುತ್ತವೆ. ಮನೆದೇವರು ಒಂದೇ ಎಂಬುದರಿಂದ ಆ ಮನೆಯವರು ಎಲ್ಲಿಗೆ ನಡೆದುಕೊಳ್ಳುತ್ತಾರೆಂಬುದು ತಿಳಿದೀತು; ಎಲ್ಲಿಂದ ಬಂದರೆಂಬುದು ತಿಳಿಯದು.

ಇನ್ನು ಚಾಲುಕ್ಯರ ಕಾಲದ ಮೂಲಪುರುಷ. ಆ ಕಾಲದ ಕನ್ನಡ ಶಾಸನಗಳಲ್ಲಿ ಊರಿನ ಮುಖ್ಯಸ್ಥನಿಗೆ ಗಾವುಂಡನೆಂದೂ, ನಾಡಿನ ಮುಖ್ಯಸ್ಥನಿಗೆ ನಾಳ್ಗಾವುಂಡನೆಂದೂ, ಲೆಕ್ಕ ಬರೆಯುವವನಿಗೆ ಸೇನಬೋವನೆಂದೂ ಹೆಸರು. ಇಂದಿನ ಗೌಡ, ನಾಡಗೌಡ, ಶಾನುಭೋಗ ಎಂಬ ಮಾತುಗಳು ಅವುಗಳಿಂದ ಇಳಿದು ಬಂದವು. ಆದರೆ ಪದದ ಸಂತತಿ ಬೇರೆ, ಜನರ ಸಂತತಿ ಬೇರೆ. ಗಾವುಂಡ ಎಂಬ ಮಾತು ಗೌಡನಾಯಿತೆಂಬುದರಿಂದ, ಶಾಸನದಲ್ಲಿ ಕಂಡ ಗಾವುಂಡನ ಮರಿಮಕ್ಕಳೇ ಇಂದಿನ ಗೌಡರು ಎಂದಾಗುವುದಿಲ್ಲ. ಹನ್ನೆರಡನೆಯ ಶತಮಾನದ ಪತ್ರವೆಂದು ತೋರಿಸಿದ ಕಾಗದದಲ್ಲಿ ದೇಸಾಯಿ, ಪರಗಣೆ, ವತನ, ಸನದು ಎಂಬ ಮಾತುಗಳಿದ್ದರೆ ಆ ಕಾಗದವನ್ನು ಶಂಕಿಸಬೇಕು. ನಮಗೆ ತೋರಿಸಿದ ‘ಪ್ರಾಚೀನ ಪತ್ರ’ದಲ್ಲಿ ಈ ನಾಲ್ಕೂ ಇದ್ದವು.

ಹಾಗಾದರೆ ದಾಖಲೆಗಳಿಲ್ಲವೇ? ಬೇಕಾದಷ್ಟಿವೆ. ಆದಿಲಶಾಹಿ ಸನದುಗಳು ಕೆಲವು ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಇವೆ. ಪೇಶವೆಯರ ಕಾಲದ ಮೋಡಿ ಲಿಪಿಯ ಕಡತಗಳಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕರ್ನಲ್ ಮೆಕೆಂಜಿಯವರು ಸಂಗ್ರಹಿಸಿದ ಕೈಫಿಯತ್ತುಗಳಿವೆ. 1852ರ ಕಾಯದೆಯ ಮೇರೆಗೆ ಇನಾಮ ಕಮಿಶನ್ನಿನವರು ಮನೆಮನೆಯ ಹಕ್ಕುಪತ್ರಗಳನ್ನು ಕೇಳಿ ಪಡೆದ ಕಾಗದಗಳಿವೆ. 1874ರ ಮುಂಬಯಿ ವತನ ಕಾಯದೆಯ ದಾಖಲೆಗಳಿವೆ. ಇವೆಲ್ಲಕ್ಕೂ ಮಿಗಿಲಾಗಿ ನಮ್ಮ ಹೆಳವರಿದ್ದಾರೆ: ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲುಗಳ ಪೀಳಿಗೆಯನ್ನು ಹೇಳುತ್ತ ಬಂದ ಇವರ ಹೊತ್ತಿಗೆಗಳಲ್ಲಿ, ಯಾವ ಮನೆಯವರು ಯಾವ ಊರಿನಿಂದ ಎದ್ದುಬಂದರೆಂಬ ಸುದ್ದಿ ಸರಕಾರದ ದಫ್ತರಕ್ಕಿಂತ ಹೆಚ್ಚು ಸಿಕ್ಕೀತು.

ಆದರೆ ದಾಖಲೆಯನ್ನು ಓದುವವನು ಮೂರು ಪ್ರಶ್ನೆಗಳನ್ನು ಕೇಳದೆ ಓದಬಾರದು: ಇದನ್ನು ಬರೆದವರು ಯಾರು? ಯಾವಾಗ ಬರೆದರು? ಏತಕ್ಕಾಗಿ ಬರೆದರು? ಇನಾಮ ಕಮಿಶನ್ನಿನ ಮುಂದೆ ವಂಶಾವಳಿಯನ್ನು ಸಲ್ಲಿಸಿದ ವತನದಾರನು ಇತಿಹಾಸವನ್ನು ಬರೆಯುತ್ತಿರಲಿಲ್ಲ, ಭೂಮಿಯನ್ನು ಉಳಿಸಿಕೊಳ್ಳುತ್ತಿದ್ದನು. ದತ್ತಕವನ್ನು ಸರಕಾರ ಒಪ್ಪದಿದ್ದರೆ ಮನೆತನವೇ ಮುಳುಗುವ ಭಯವಿದ್ದ ಕಾಲದಲ್ಲಿ, ದತ್ತಪುತ್ರನನ್ನು ಔರಸಪುತ್ರನೆಂದು ಬರೆಯುವ ಆಸೆ ಹುಟ್ಟುವುದು ಸಹಜ. ಹೆಳವನೂ ಕಾಣಿಕೆಯಿಂದ ಬದುಕುವವನೇ. ಕೊಟ್ಟವರ ಮನೆತನವನ್ನು ಎತ್ತರಿಸಿ ಹಾಡುವುದು ಅವನ ವೃತ್ತಿಧರ್ಮ. ಆದುದರಿಂದ ಒಂದು ಕಾಗದವನ್ನು ಇನ್ನೊಂದರೊಡನೆ ಒರೆಗೆ ಹಚ್ಚಬೇಕು. ಹೀಗೆ ಒರೆಗೆ ಹಚ್ಚಿದಾಗ ಏನು ಕಾಣುತ್ತದೆ? ನೀವೆಲ್ಲರೂ ಬಲ್ಲ ಎರಡು ದೇಸಾಯಿ ಮನೆತನಗಳನ್ನೇ ತೆಗೆದುಕೊಳ್ಳೋಣ.

ಒಂದು, ಕಿತ್ತೂರು. ಆ ಸಂಸ್ಥಾನದ ಮೂಲವೆಂದು ಇತಿಹಾಸಕಾರರು ಹೇಳುವವರು ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು. ಮಲೆನಾಡಿನ ಸಾಗರದ ಕಡೆಯ ವರ್ತಕರಾಗಿದ್ದ ಇವರು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜಾಪುರದ ಸೈನ್ಯವನ್ನು ಸೇರಿ, ಪರಾಕ್ರಮದಿಂದ ಅಧಿಕಾರವನ್ನು ಪಡೆದರು. ಅಂದರೆ ಶೆಟ್ಟಿಗಳಾಗಿ ಬಂದವರು ದೇಸಾಯಿಗಳಾದರು. ಮೂಲವನ್ನು ಹುಡುಕಿಕೊಂಡು ಹಿಂದೆ ಹೋದಂತೆ ದೇಸಾಯಿ ಎಂಬ ಹೆಸರೇ ಮಾಯವಾಗುತ್ತದೆ!

ಆ ಮನೆಗೆ ಸೊಸೆಯಾಗಿ ಬಂದ ಚೆನ್ನಮ್ಮನು ಯಾರ ಮಗಳು? ಕಾಕತಿಯ ದೇಸಾಯಿಗಳ ಮಗಳು. ದೇಸಾಯಿಗಳೆಲ್ಲರೂ ಒಂದೇ ರಕ್ತದ ಅಣ್ಣತಮ್ಮಂದಿರಾಗಿದ್ದರೆ, ಕಾಕತಿಯ ದೇಸಾಯಿಗಳು ಕಿತ್ತೂರಿನ ಮಲ್ಲಸರ್ಜ ದೇಸಾಯಿಗೆ ಹೆಣ್ಣು ಕೊಡುತ್ತಿದ್ದರೇ? ಅಣ್ಣತಮ್ಮಂದಿರ ಮನೆಗಳಲ್ಲಿ ಹೆಣ್ಣು ಕೊಟ್ಟು ತರುವ ವಾಡಿಕೆ ನಮ್ಮಲ್ಲಿಲ್ಲವೆಂಬುದನ್ನು ನಾವು ನಿಮಗೆ ಹೇಳಬೇಕಾಗಿಲ್ಲ. ‘ಎಲ್ಲ ದೇಸಾಯಿಗಳೂ ಒಂದೇ’ ಎಂಬ ಗ್ರಂಥವು ಪ್ರಮಾಣವಾದರೆ ನಾಡಿನ ಜನ ಕೈಮುಗಿಯುವ ಆ ವಿವಾಹವೇ ಅಧರ್ಮವೆನಿಸಬೇಕಾಗುತ್ತದೆ. ಗ್ರಂಥವನ್ನು ಬರೆಯಿಸಿದವರು ಇದನ್ನು ಯೋಚಿಸಿದಂತೆ ತೋರುವುದಿಲ್ಲ.

ಇನ್ನೂ ಮುಂದೆ ಬನ್ನಿರಿ. 1824ರಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ಮರಣಶಯ್ಯೆಯಲ್ಲಿದ್ದಾಗ ದತ್ತಕ ತೆಗೆದುಕೊಂಡ ಶಿವಲಿಂಗಪ್ಪನು ಹುಟ್ಟಿದ್ದು ಮಾಸ್ತಮರಡಿಯ ಗೌಡರ ಮನೆಯಲ್ಲಿ. ಧಾರವಾಡದ ಕಲೆಕ್ಟರ್ ಥ್ಯಾಕರೆಯು ಆ ದತ್ತಕವನ್ನು ಒಪ್ಪಲಿಲ್ಲ. ಅದರ ಪರಿಣಾಮವೇ ಅಕ್ಟೋಬರ್ 23ರ ಯುದ್ಧ. ಥ್ಯಾಕರೆಯು ಅಂದೇ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯಳಾದಳು. ಸಂಗೊಳ್ಳಿ ರಾಯಣ್ಣನು ಅದೇ ದತ್ತಪುತ್ರನನ್ನು ಗಾದಿಯ ಮೇಲೆ ಕೂಡಿಸಲೆಂದು ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ರಾಯಣ್ಣನು ದೇಸಾಯಿಯಲ್ಲ, ಲಿಂಗವಂತನೂ ಅಲ್ಲ, ಕುರುಬರ ಮಗ. ದತ್ತಕವು ಮನೆತನವಲ್ಲವೆಂದು ಅಂದು ಹೇಳಿದವನು ಥ್ಯಾಕರೆ. ದತ್ತಕವೂ ಮನೆತನವೆಂದು ಹೇಳಿ ಪ್ರಾಣ ಕೊಟ್ಟವರು ಕಿತ್ತೂರಿನವರು. ಎರಡು ನೂರು ವರ್ಷಗಳ ನಂತರ ಕೆಂಪು ಮಸಿಯ ಲೇಖನಿಯನ್ನು ಹಿಡಿದು ಕುಳಿತ ನಮ್ಮ ಹಿರಿಯರು ಯಾರ ಪಕ್ಷದಲ್ಲಿ ನಿಂತಿದ್ದಾರೆಂಬುದನ್ನು ನೀವೇ ಹೇಳಿರಿ.

ಎರಡು, ಶಿರಸಂಗಿ. ತ್ಯಾಗವೀರ ಲಿಂಗರಾಜ ದೇಸಾಯಿಯವರ ಹೆಸರನ್ನು ಕೇಳದ ಲಿಂಗವಂತ ವಿದ್ಯಾರ್ಥಿಯಿಲ್ಲ. ಅವರು 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿದಾಗ ಅವರ ಹೆಸರು ರಾಮಪ್ಪ, ದೇಸಾಯಿ ಮನೆಯವರಲ್ಲ. ನವಲಗುಂದ-ಶಿರಸಂಗಿಯ ದೇಸಗತಿಗೆ ದತ್ತಕ ಬಂದು ಲಿಂಗರಾಜರಾದರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅಧ್ಯಕ್ಷರಾದರು. ಅವರಿಗೂ ಮಕ್ಕಳಿರಲಿಲ್ಲ. ಅವರು ತಮ್ಮ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಆ ನಿಧಿಯ ಶಿಷ್ಯವೇತನದಿಂದ ಓದಿದವರ ಮಕ್ಕಳು, ಮೊಮ್ಮಕ್ಕಳು ಈ ಪತ್ರಿಕೆಯ ಓದುಗರಲ್ಲಿಯೂ ಇದ್ದೀರಿ.

ರಕ್ತದ ಗೆರೆಯನ್ನೇ ಹಿಡಿದು ಹೊರಟರೆ ಲಿಂಗರಾಜರಿಗೆ ಹಿಂದೆಯೂ ದೇಸಾಯಿಗಳಿಲ್ಲ, ಮುಂದೆಯೂ ದೇಸಾಯಿಗಳಿಲ್ಲ. ವಂಶವೃಕ್ಷದಲ್ಲಿ ಅವರಿಗೆ ಸ್ಥಳವೇ ಸಿಕ್ಕುವುದಿಲ್ಲ. ಆದರೆ ದೇಸಾಯಿ ಎಂಬ ಮಾತಿಗೆ ಈ ಸಮಾಜದಲ್ಲಿ ಇಂದು ಉಳಿದಿರುವ ಮರ್ಯಾದೆಯಲ್ಲಿ ಎಷ್ಟು ಪಾಲು ಅವರದೆಂಬುದನ್ನು ಎದೆಯ ಮೇಲೆ ಕೈಯಿಟ್ಟು ಹೇಳಿರಿ.

ಹುದ್ದೆ ಹೋದ ಮೇಲೂ ಹೆಸರು ಹೇಗೆ ಉಳಿಯಿತೆಂಬುದನ್ನೂ ತಿಳಿಯಬೇಕು. 1860ರ ದಶಕದಲ್ಲಿ ಗಾರ್ಡನ್ ಸೆಟ್ಲಮೆಂಟ್ ಎಂಬ ಏರ್ಪಾಟಿನ ಮೂಲಕ ದಕ್ಷಿಣ ಮರಾಠಾ ಪ್ರಾಂತದ ದೇಸಾಯಿ, ದೇಶಪಾಂಡೆಗಳ ಚಾಕರಿಯನ್ನು ಸರಕಾರ ಬಿಡಿಸಿತು. ಚಾಕರಿ ಹೋಯಿತು, ಭೂಮಿ ಉಳಿಯಿತು. 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನ ರದ್ದಿಯಾತಿಯ ಕಾಯದೆಯಿಂದ ವತನವೂ ಹೋಯಿತು. ಅಷ್ಟರಲ್ಲಿ ಸಾಲೆಯ ಪಟ್ಟಿ, ಕಚೇರಿಯ ಪತ್ರ ಎಲ್ಲೆಡೆಯೂ ಹುದ್ದೆಯ ಮಾತು ಅಡ್ಡಹೆಸರಾಗಿ ಅಚ್ಚೊತ್ತಿತ್ತು. ವತನದಾರನ ಅಣ್ಣತಮ್ಮಂದಿರ ಮಕ್ಕಳೆಲ್ಲ ಅದನ್ನೇ ಬರೆಯಿಸಿದರು. ಅಧಿಕಾರವು ಒಬ್ಬನದಾಗಿದ್ದ ಕಾಲ ಹೋಗಿ, ಹೆಸರು ನೂರು ಜನರದಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು, ಹೊಣೆ ಕಳಚಿಬಿದ್ದ ಮೇಲೆ ಉಳಿದ ಬರಿಯ ಹೆಸರಿಗೆ ರಕ್ತವನ್ನು ತುಂಬಿ ಮೆರೆಯಿಸುವುದರಲ್ಲಿ.

ದೇಸಾಯಿಗಳನ್ನು ಮಾತ್ರ ಆಡಿದೆವೆಂದು ಯಾರೂ ತಿಳಿಯಬಾರದು; ನಮ್ಮ ಜಂಗಮ ಮನೆಗಳ ಮಾತನ್ನೂ ಆಡುತ್ತೇವೆ. ಒಂದು ಊರಿನಲ್ಲಿ ಎರಡು ಮಠಗಳಿದ್ದರೆ ಹಳೆಯದು ಹಿರೇಮಠ, ಇನ್ನೊಂದು ಚಿಕ್ಕಮಠ. ಹೀಗೆ ಊರೂರಿಗೆ ಹಿರೇಮಠಗಳಿವೆ. ಒಂದು ಊರಿನ ಹಿರೇಮಠದವರಿಗೂ ಹತ್ತು ಹರಿದಾರಿ ಆಚೆಯ ಹಿರೇಮಠದವರಿಗೂ ಹೆಸರು ಕೂಡಿದ ಮಾತ್ರಕ್ಕೆ ಸಂಬಂಧ ಕೂಡುವುದಿಲ್ಲ. ಆದರೂ ‘ನಾವು ಹಿರೇಮಠದವರು, ಚಿಕ್ಕಮಠದವರಿಗಿಂತ ಹಿರಿಯರು’ ಎಂದು ಜಾತ್ರೆಯಲ್ಲಿ ಮಾನಕ್ಕಾಗಿ ಜಗಳವಾಡಿದವರನ್ನು ನಾವು ಕಂಡಿದ್ದೇವೆ. ಹಿರಿದು ಎಂಬ ವಿಶೇಷಣ ಕಟ್ಟಡದ ವಯಸ್ಸಿಗೆ ಸೇರಿದ್ದು; ಅದು ಮನುಷ್ಯನ ನೆತ್ತಿಗೇರಿದೆ.

ಶರಣರು ಹೆಸರನ್ನು ಹೇಗೆ ಬಳಸಿದರೆಂಬುದನ್ನು ನೆನೆಯಿರಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಮಾದಾರ ಚೆನ್ನಯ್ಯ, ಆಯ್ದಕ್ಕಿ ಲಕ್ಕಮ್ಮ: ಇಲ್ಲಿ ಹೆಸರಿನ ಮುಂದೆ ನಿಂತ ಮಾತು ಅವರವರ ಕಾಯಕವನ್ನು ಹೇಳುತ್ತದೆ. ದೋಣಿ ಹಾಕುವವನೂ ಹಗ್ಗ ಹೊಸೆಯುವವನೂ ತಮ್ಮ ಕೆಲಸದ ಹೆಸರನ್ನು ಮುಚ್ಚಿಡದೆ ಅನುಭವಮಂಟಪದಲ್ಲಿ ಕುಳಿತರು. ಹರಳಯ್ಯನ ಮನೆಗೂ ಮಧುವರಸನ ಮನೆಗೂ ಸಂಬಂಧ ಬೆಳೆದುದಕ್ಕಾಗಿ ಕಲ್ಯಾಣವೇ ಹೊತ್ತಿ ಉರಿಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಅಷ್ಟು ಬೆಲೆ ತೆತ್ತು ಪೂರ್ವಜರು ದಾಟಿದ ಹೊಳೆಯನ್ನು ನಾವು ವಂಶಾವಳಿಯ ತೆಪ್ಪ ಕಟ್ಟಿಕೊಂಡು ಮರಳಿ ದಾಟಬೇಕೇ?

ಕೊನೆಯದಾಗಿ, ನಮ್ಮ ಪೀಠದ ಮಾತು. ಈ ಮಠದ ಗುರುಪರಂಪರೆಯನ್ನು ನೀವು ಪ್ರತಿವರ್ಷ ಭಕ್ತಿಯಿಂದ ಪಠಿಸುತ್ತೀರಿ. ಆ ಪಟ್ಟಿಯಲ್ಲಿ ಔರಸ ಪುತ್ರರು ಎಷ್ಟು ಜನ? ಒಬ್ಬರೂ ಇಲ್ಲ. ಪ್ರತಿಯೊಬ್ಬ ಗುರುವೂ ಯಾವುದೋ ಊರಿನ, ಯಾವುದೋ ಮನೆಯ ಒಬ್ಬ ಬಾಲಕನ ಕೈಹಿಡಿದು ತಂದು, ದೀಕ್ಷೆಯನ್ನಿತ್ತು, ತನ್ನ ಗದ್ದುಗೆಯಲ್ಲಿ ಕೂಡಿಸಿದನು. ಕರಕಮಲಸಂಜಾತರೆಂದು ನಮ್ಮನ್ನು ಕರೆಯುತ್ತೀರಲ್ಲವೇ? ಗುರುವಿನ ಹಸ್ತದಲ್ಲಿ ಹುಟ್ಟಿದವರೆಂಬುದು ಅದರ ಅರ್ಥ. ದತ್ತಕವು ವಂಶವಲ್ಲವಾದರೆ ಈ ಪೀಠವೂ ಪೀಠವಲ್ಲ. ಇದರ ಮೇಲೆ ಕುಳಿತ ನಾವು ಕೊಡುವ ಆಶೀರ್ವಚನಕ್ಕೆ ಬೆಲೆಯೂ ಇಲ್ಲ. ಅಂತಹ ಆಶೀರ್ವಚನವನ್ನು ಬೇಡಲು ಬಂದವರೇ ತಮ್ಮ ಗ್ರಂಥದಲ್ಲಿ ದತ್ತಕದ ಕವಲನ್ನು ಹೊಡೆದುಹಾಕಿದ್ದರು.

ಹೀಗೆಂದು ಮನೆತನದ ಇತಿಹಾಸವನ್ನು ಬರೆಯಲೇಬಾರದೆಂದು ನಾವು ಹೇಳುವುದಿಲ್ಲ. ಬರೆಯಿರಿ; ನಿಜವಾಗಿ ಬರೆಯಿರಿ. ಹೆಸರಿನಿಂದ ತೊಡಗದೆ ಊರಿನಿಂದ ತೊಡಗಿರಿ. ಇಂದಿನಿಂದ ಹಿಂದಕ್ಕೆ, ಕೈಗೆ ಸಿಕ್ಕ ಕಾಗದದಷ್ಟು ದೂರ ಮಾತ್ರ ನಡೆಯಿರಿ. ಕಾಗದ ನಿಂತಲ್ಲಿ ನಿಲ್ಲಿರಿ. ಹಳೆಯ ಸನದುಗಳನ್ನು ಗೆದ್ದಲಿಗೆ ಬಿಡದೆ ಮೋಡಿ, ಪಾರಸಿ ಬಲ್ಲವರಿಂದ ಓದಿಸಿ ಪ್ರತಿ ಮಾಡಿಸಿರಿ. ಹೆಳವರು ಮನೆಗೆ ಬಂದರೆ ಕಾಳು ಕೊಟ್ಟು ಕಳಿಸದೆ, ಕೂಡಿಸಿಕೊಂಡು ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿರಿ. ಮಗನ ಹೆಸರಿನ ಪಕ್ಕದಲ್ಲಿ ಮಗಳ ಹೆಸರನ್ನೂ, ತಂದೆಯ ಪಕ್ಕದಲ್ಲಿ ತಾಯಿಯ ತವರನ್ನೂ ಬರೆಯಿರಿ. ಚೆನ್ನಮ್ಮನಿಲ್ಲದ ಕಿತ್ತೂರಿನ ವಂಶಾವಳಿಯಿಂದ ಯಾರಿಗೇನು ಪ್ರಯೋಜನ? ದತ್ತಕವಿದ್ದಲ್ಲಿ ದತ್ತಕವೆಂದು ಬರೆಯಿರಿ. ಯಾವ ಮನೆಯಿಂದ ಬಂದನೆಂಬುದನ್ನೂ ಬರೆದು, ಆ ಮನೆಗೂ ಕೃತಜ್ಞತೆಯನ್ನು ಹೇಳಿರಿ. ಬರೆದುದನ್ನು ಮದುವೆಯ ಮಾತುಕತೆಗೆ ತಕ್ಕಡಿಯನ್ನಾಗಿ ಮಾಡಬೇಡಿರಿ.

ಆ ಹಿರಿಯರು ಏಳುವಾಗ ಕೇಳಿದ ಪ್ರಶ್ನೆಗೆ ಅಂದು ನಾವು ಹೆಚ್ಚು ಮಾತಿನಲ್ಲಿ ಉತ್ತರಿಸಲಿಲ್ಲ. ವಿಭೂತಿಯನ್ನಿತ್ತು, ಪ್ರಸಾದವನ್ನು ತೆಗೆದುಕೊಂಡು ಹೋಗಲು ಹೇಳಿದೆವು. ಇಂದು ಇಲ್ಲಿ ಉತ್ತರಿಸುತ್ತೇವೆ: ತಂದೆ, ನಿಮ್ಮ ಮುತ್ತಜ್ಜನು ದೀಪ ಹಚ್ಚಿದ ಮನೆಯೇ ನಿಮ್ಮ ಮನೆ. ಗ್ರಂಥದವರು ಆ ಕವಲನ್ನು ಮರಳಿ ಬರೆದು ತಂದ ದಿನ ನಮ್ಮ ಆಶೀರ್ವಚನ ಸಿದ್ಧವಾಗಿರುತ್ತದೆ. ಕರಡು ಇನ್ನೂ ಮಠದಲ್ಲಿಯೇ ಇದೆ.

ಸರ್ವರಿಗೂ ಸನ್ಮಂಗಳವಾಗಲಿ.